ಹದಿನೇಳು ಸೆಕೆಂಡಿನ ಪಟ್ಟಿ

ಫೆಬ್ರುವರಿ ೬

ಪ್ರೀತಿಯ ಪುಟ್ಟನಿಗೆ,

ಅಕ್ಕನ ನೆನಪುಗಳು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಒಡೆಯದೆ ಬದಿಗಿಟ್ಟಿರಬಹುದು. ಒಡೆದಿದ್ದರೆ, ತಡವಾಗಿ ಬರೆದದ್ದಕ್ಕೆ ಕ್ಷಮಿಸು ಎಂದು ಮೊದಲ ಸಾಲಿನಲ್ಲೇ ಹೇಳಬೇಕು, ಕಾಗದದ ಪದ್ಧತಿ ಅದು. ಆದರೆ ಹಾಗೆ ಬರೆಯುವವರು ವಾರವೋ ಹದಿನೈದು ದಿನವೋ ತಡ ಮಾಡಿದವರು. ಇಪ್ಪತ್ತೆರಡು ವರ್ಷ ತಡ ಮಾಡಿದವಳು ಏನು ಬರೆಯಬೇಕೋ ನನಗೆ ತಿಳಿಯದು. ಮೂವತ್ತನಾಲ್ಕು ವರ್ಷ ರೇಡಿಯೊದಲ್ಲಿ ಮಾತಾಡಿಯೇ ಹೊಟ್ಟೆ ಹೊರೆದವಳು ಇಷ್ಟು ಬರೆಯುವಷ್ಟರಲ್ಲಿ ಮೂರು ಹಾಳೆ ಹರಿದು ಹಾಕಿದ್ದೇನೆ.

ನಾನು ಚೆನ್ನಾಗಿದ್ದೇನೆ. ಅಂದರೆ ರಕ್ತದೊತ್ತಡಕ್ಕೆ ಒಂದು ಮಾತ್ರೆ, ಮೊಣಕಾಲಿಗೆ ಒಂದು. ಎಂಟು ಕೆಜಿ ತೂಕದ ಟೇಪ್ ರೆಕಾರ್ಡರನ್ನು ವರ್ಷಗಟ್ಟಲೆ ಹೊತ್ತು ಎಡಭುಜ ಬಲಕ್ಕಿಂತ ಒಂದಂಗುಲ ಕೆಳಗಿಳಿದಿದೆ. ಅಳತೆ ತೆಗೆಯುವಾಗಲೆಲ್ಲ ದರ್ಜಿ "ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ ಮೇಡಂ" ಅನ್ನುತ್ತಾನೆ. ನೆಟ್ಟಗೇ ನಿಂತಿದ್ದೀನಪ್ಪಾ ಅನ್ನುತ್ತೇನೆ. ಅವನು ನಂಬುವುದಿಲ್ಲ.

ಮಾರ್ಚ್ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ನಮ್ಮ ಸ್ಟೇಷನ್ನಿಗೆ ಹೊಸ ಮುಖ್ಯಸ್ಥೆ ಬಂದಿದ್ದಾಳೆ, ಚುರುಕು ಹೆಣ್ಣು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ. ಮೊನ್ನೆ ಕರೆದು, "ಮೇಡಂ, ನಿಮ್ಮ ಬೀಳ್ಕೊಡುಗೆಗೆ ಅರ್ಧ ಗಂಟೆ ನೇರಪ್ರಸಾರ ಇಟ್ಟಿದ್ದೀನಿ. ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಒಳ್ಳೇದನ್ನ ಹಾಕೋಣ. ಆ ಫ್ಯಾಕ್ಟರಿ ಬೆಂಕೀದು! ಪ್ರಶಸ್ತಿ ಬಂದಿತ್ತಂತಲ್ಲ?" ಅಂದಳು. ಪ್ರಶಸ್ತಿ ಬಂದಿತ್ತು. ಈಗಲೂ ಅದು ನನ್ನ ಕಪಾಟಿನ ಮೇಲಿದೆ, ಹಿತ್ತಾಳೆಯ ಮೈಕು. ಧೂಳು ಒರೆಸಲು ಬರುವಾಕೆ ಅದನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಾಳೆ. ನಾನೂ ಹಾಗೇ ಬಿಡುತ್ತೇನೆ.

ನಿನಗೆ ಗೊತ್ತಿರುವುದನ್ನೇ ಇನ್ನು ಮುಂದೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಷ್ಟು ವರ್ಷ ಊರಿನ ಸುದ್ದಿಯನ್ನೆಲ್ಲ ಹೇಳಿದವಳು ಇದೊಂದನ್ನು ಮಾತ್ರ ಒಮ್ಮೆಯೂ ಇದ್ದದ್ದು ಇದ್ದಂತೆ ಹೇಳಿಲ್ಲ.

ನೀನು ಆ ಬಟ್ಟೆ ಫ್ಯಾಕ್ಟರಿಯ ಗೇಟಿನ ಕಾವಲಿಗಿದ್ದೆ. ಬೀಗದ ಕೈಗಳೆಲ್ಲ ನಿನ್ನ ಹಲಗೆಯ ಮೇಲೆ, ಒಂದೊಂದಕ್ಕೂ ನೀನೇ ಬಣ್ಣದ ದಾರ ಕಟ್ಟಿದ್ದೆ. ಶರ್ಟುಗಳು ಕಳುವಾಗುತ್ತಿವೆ ಎಂದು ಮ್ಯಾನೇಜರ್ ಅವತ್ತು ಬೆಳಿಗ್ಗೆ ಪ್ಯಾಕಿಂಗ್ ವಿಭಾಗದ ಹಿಂಬಾಗಿಲಿಗೆ ಬೀಗ ಹಾಕಿಸಿ ಅದರ ಕೀಲಿಯನ್ನು ತನ್ನ ಜೇಬಿಗಿಳಿಸಿದ. ಮಧ್ಯಾಹ್ನ ಮೂರಕ್ಕೆ ಬೆಂಕಿ. ನೀನು ಹಲಗೆಯ ಹತ್ತಿರ ಓಡಿದಾಗ ಅಲ್ಲಿದ್ದದ್ದು ಬರೀ ಮೊಳೆ. ಹನ್ನೊಂದು ಜನ.

ಪತ್ರಿಕೆಯವರನ್ನು ಯಾರನ್ನೂ ಒಳಗೆ ಬಿಡಲಿಲ್ಲ. ನಮ್ಮ ಆಗಿನ ನಿರ್ದೇಶಕರು, "ನಿಮ್ಮ ತಮ್ಮ ಅಲ್ಲೇ ಇದ್ದಾನಲ್ಲ, ಹೋಗಿ ಮಾತಾಡಿಸ್ಕೊಂಡು ಬನ್ನಿ" ಅಂದರು. ಮ್ಯಾನೇಜರ್ ಒಪ್ಪಿದ, ಒಂದೇ ಷರತ್ತು: ಮಾತು ಅವನ ಕೋಣೆಯಲ್ಲಿ, ಅವನ ಎದುರಿಗೇ. ಅವನು ಮೇಜಿನ ಆ ತುದಿಯಲ್ಲಿ ಕೂತು ಗಾಜಿನ ಗುಂಡನ್ನು ಕಾಗದದ ಮೇಲೆ ತಿರುಗಿಸುತ್ತಿದ್ದ. ನಾನು ಕೇಳಿದೆ, "ಆ ಬಾಗಿಲಿಗೆ ಬೀಗ ಹಾಕು ಅಂತ ಹೇಳಿದ್ದು ಯಾರು?" ನೀನು ಸುಮ್ಮನಾದೆ. ತುಂಬ ಹೊತ್ತಿನ ಮೇಲೆ "ನನಗೆ ಗೊತ್ತಿಲ್ಲ" ಅಂದೆ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರ ನಮ್ಮ ರೇಡಿಯೊದಲ್ಲಿ ಚಲಾವಣೆಯಲ್ಲಿಲ್ಲ. ನಮ್ಮಲ್ಲಿ ಐದು ಸೆಕೆಂಡು ಸದ್ದಿಲ್ಲದಿದ್ದರೆ ಯಂತ್ರ ಕೆಟ್ಟಿದೆ ಎಂದೇ ಲೆಕ್ಕ, ಕಂಟ್ರೋಲ್ ರೂಮಿನವರು ಎದ್ದು ಓಡುತ್ತಾರೆ. ಹಾಗಾಗಿ ಟೇಪು ಕತ್ತರಿಸುವಾಗ ಮೊದಲು ಹೋಗುವುದು ಮೌನ, ಆಮೇಲೆ ಕೆಮ್ಮು, ಸೀನು, "ಅದೂ ಇದೂ". ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿ ಕೂಡಿಸಿ, ಬೆನ್ನಿಗೆ ಬಿಳಿ ಅಂಟುಪಟ್ಟಿ ಹಚ್ಚಿದರೆ ಗಾಯವೇ ಗೊತ್ತಾಗುವುದಿಲ್ಲ. ನಿನ್ನ ಮೌನವನ್ನೂ ನಾನು ಹಾಗೆಯೇ ತೆಗೆದೆ. ಪ್ರಸಾರವಾದಾಗ ಕೇಳಿಸಿದ್ದು ಹೀಗೆ: ಹೇಳಿದ್ದು ಯಾರು? ನನಗೆ ಗೊತ್ತಿಲ್ಲ. ಕಡ್ಡಿ ಮುರಿದ ಹಾಗೆ.

ಮೂರು ವಾರದ ಮೇಲೆ ನೀನು ವಿಚಾರಣೆಯಲ್ಲಿ ಧೈರ್ಯ ಮಾಡಿ ಮ್ಯಾನೇಜರನ ಹೆಸರು ಹೇಳಿದೆ. ಅವನ ವಕೀಲ ನನ್ನ ಟೇಪನ್ನೇ ಹಾಕಿ ಕೇಳಿಸಿದ. ಡಬ್ಬಿಯ ಮೇಲೆ "ಅರ್ಥ ಕೆಡದಂತೆ ಸಂಕಲಿಸಲಾಗಿದೆ" ಎಂಬ ಮಾಮೂಲಿ ಚೀಟಿ, ಅದರ ಕೆಳಗೆ ನನ್ನ ಸಹಿ. ವಿಚಾರಣಾ ವರದಿಯ ಆ ಸಾಲು ನನಗೆ ಬಾಯಿಪಾಠ: "ಸದರಿ ವ್ಯಕ್ತಿ ರೇಡಿಯೊ ಸಂದರ್ಶನದಲ್ಲಿ ಕ್ಷಣವೂ ತಡವರಿಸದೆ ತನಗೆ ಗೊತ್ತಿಲ್ಲವೆಂದು ಹೇಳಿರುವುದರಿಂದ, ಈಗಿನ ಹೇಳಿಕೆ ಆಮೇಲೆ ಹೆಣೆದದ್ದೆಂದು ಕಂಡುಬರುತ್ತದೆ." ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು. ಬೀಗ ಹಾಕಿದ್ದು ನೀನೇ ಎಂದಾಗಿ ನಿನಗೆ ಹದಿನೆಂಟು ತಿಂಗಳು ಜೈಲು. ಅವನಿಗೆ ಬಡ್ತಿ. ಹೋದ ವರ್ಷ ಅವನು ಸತ್ತಾಗ "ಹಿರಿಯ ಉದ್ಯಮಿ, ಕೊಡುಗೈ ದಾನಿ" ಎಂದು ಏಳು ಗಂಟೆಯ ವಾರ್ತೆಯಲ್ಲಿ ಓದಿದವಳೂ ನಾನೇ. ಒಂದಕ್ಷರ ತಪ್ಪಲಿಲ್ಲ.

ಜೈಲಿಗೆ ಹೋಗುವ ಮುಂಚೆ ನೀನು ನನ್ನ ಬಾಗಿಲಲ್ಲಿ ನಿಂತು ಎರಡು ಮಾತು ಕೇಳಿದೆ. "ನಾನು ಸುಮ್ಮನಿದ್ದದ್ದೆಲ್ಲಾ ಎಲ್ಲಿ ಹೋಯ್ತಕ್ಕಾ?" ನಾನು ಅಂದೆ, "ರೇಡಿಯೊದಲ್ಲಿ ಅಷ್ಟೊತ್ತು ಸುಮ್ಮನಿರೋಕಾಗಲ್ಲ ಕಣೋ." ಆಮೇಲೆ ಕೇಳಿದೆ, "ಅವನು ಕೆಮ್ಮಿದ್ದು ನಿನಗೆ ಕೇಳಿಸ್ಲಿಲ್ವಾ?" ಇಲ್ಲ ಅಂದೆ. ನೀನು ತಲೆಯಾಡಿಸಿ ಮೆಟ್ಟಿಲಿಳಿದೆ. ಅದೇ ನಮ್ಮ ಕೊನೆಯ ಮಾತುಕತೆ.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಟೇಪು ಕತ್ತರಿಸುವ ತಂತ್ರಜ್ಞ ನಿನಗೆ ನೆನಪಿದೆಯಾ, ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರಲ್ಲ? ನಿವೃತ್ತನಾದವನನ್ನು ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಮತ್ತೆ ಕರೆಸಿದ್ದಾರೆ. ಅವನು ಒಂದು ಚೂರನ್ನೂ ಎಸೆದವನಲ್ಲ. "ಕತ್ತರಿಸಿದ್ದನ್ನ ಎಸೀಬಾರದಮ್ಮ, ಯಾವತ್ತಾದ್ರೂ ಹೊಲೀಬೇಕಾಗತ್ತೆ" ಅನ್ನುತ್ತಿದ್ದ. ಬೆಂಕಿ ಕಾರ್ಯಕ್ರಮದ ಟೇಪು ಬೇಕು ಅಂದದ್ದಕ್ಕೆ ಜೊತೆಗೊಂದು ಬಿಸ್ಕತ್ತಿನ ಡಬ್ಬಿಯನ್ನೂ ತಂದಿಟ್ಟ. ಒಳಗೆ ಸುರುಳಿ ಸುತ್ತಿದ ಕಂದು ಪಟ್ಟಿ. ಅದರ ಬೆನ್ನು ನೋಡಿದ, ನನ್ನ ಮುಖ ನೋಡಿದ, ಯಂತ್ರಕ್ಕೆ ಹಾಕಿದ.

ಹದಿನೇಳು ಸೆಕೆಂಡು. ಮೊದಲು ಗಾಜಿನ ಗುಂಡು ಉರುಳುವ ಸದ್ದು, ಅದೂ ಕಿವಿಗೊಟ್ಟರೆ ಮಾತ್ರ. ನಿನ್ನ ಉಸಿರು. ಒಂದು ಸಲ ನೀನು ಬಾಯಿ ತೆರೆದದ್ದು, "ಮ್ಯಾ" ಅನ್ನುವಷ್ಟು ತುಟಿ ಕೂಡಿಸಿ ಬಿಟ್ಟದ್ದು. ಹನ್ನೊಂದನೆಯ ಸೆಕೆಂಡಿಗೆ ಮೇಜಿನ ಆ ತುದಿಯಿಂದ ಕೆಮ್ಮು. ನೆಗಡಿಯ ಕೆಮ್ಮಲ್ಲ, ಮನೆಯ ಯಜಮಾನ ಅಡುಗೆಮನೆಯತ್ತ ಕೆಮ್ಮುವ ಕೆಮ್ಮು. ಆಮೇಲೆ ನೀನು ಎಂಜಲು ನುಂಗಿದ್ದು. ಪಟ್ಟಿ ಅಲ್ಲಿಗೆ ಮುಗಿಯಿತು, ಮುಂದಿನದು ಪ್ರಸಾರವಾದ ಟೇಪಿನಲ್ಲಿದೆ: "ನನಗೆ ಗೊತ್ತಿಲ್ಲ."

ಅವತ್ತು ಕೇಳಿದೆಯಲ್ಲ. ಮೊನ್ನೆ ಕೇಳಿಸಿತು, ಪುಟ್ಟಾ.

ಇಷ್ಟು ತಿಳಿಸಲು ಬರೆದೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಹೇಳಬೇಕು ಅನ್ನಿಸಿದರೆ.

ನಿನ್ನ
ಅಕ್ಕ

—

ಮಾರ್ಚ್ ೧೦

ಪ್ರೀತಿಯ ಪುಟ್ಟನಿಗೆ,

ನಿನ್ನಿಂದ ಉತ್ತರವಿಲ್ಲ. ನಿರೀಕ್ಷೆಯೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಚೆಯವನು ನನ್ನನ್ನು ಕಂಡರೆ ಈಗ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ಆ ಪಟ್ಟಿಯನ್ನು ಇದ್ದ ಜಾಗಕ್ಕೇ ಮತ್ತೆ ಸೇರಿಸಿ ಪ್ರಸಾರ ಮಾಡಬೇಕು ಅಂದುಕೊಂಡಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೊತ್ತು. ಮ್ಯಾನೇಜರ್ ಸತ್ತಿದ್ದಾನೆ, ವರದಿ ಬರೆದವರೂ ಇಲ್ಲ, ನಿನ್ನ ಹದಿನೆಂಟು ತಿಂಗಳನ್ನು ಯಾರೂ ವಾಪಸು ತಂದುಕೊಡುವುದಿಲ್ಲ. ಆದರೂ ನಮ್ಮ ಹಳೆಯ ಬೀದಿಯಲ್ಲಿ ಈಗಲೂ ನನ್ನನ್ನು "ರೇಡಿಯೊ ಅಕ್ಕ" ಅನ್ನುವವರು ನಿನ್ನ ಮಾತು ಬಂದರೆ "ಓ, ಆ ಸುಳ್ಳನಾ?" ಅನ್ನುತ್ತಾರೆ. ಅವರಾದರೂ ಕೇಳಲಿ.

ಮುಖ್ಯಸ್ಥೆಗೆ ಹೇಳಿದೆ. ಕತ್ತರಿ ಕಂಪ್ಯೂಟರಿನಲ್ಲಿ ಕೂಡಿಸಿಟ್ಟದ್ದನ್ನು ಕಿವಿಗೆ ಹಾಕಿಕೊಂಡು ಪೂರ್ತಿ ಕೇಳಿದಳು, ಕಣ್ಣು ಸಣ್ಣಗೆ ಒದ್ದೆಯಾಯಿತು. ಆಮೇಲೆ, "ಆದ್ರೆ ಮೇಡಂ, ಈಗ ಕಂಟ್ರೋಲ್ ರೂಮಲ್ಲಿ ಮನುಷ್ಯರಿಲ್ಲ. ಐದು ಸೆಕೆಂಡು ಸದ್ದು ಬರದಿದ್ರೆ ಕಂಪ್ಯೂಟರೇ ಸಂಗೀತ ಹಾಕ್ಬಿಡತ್ತೆ" ಅಂದಳು. "ಅವತ್ತೊಂದಿನ ಅದನ್ನ ಆಫ್ ಮಾಡಿಸ್ತೀನಿ ಬಿಡಿ, ಎಂಜಿನಿಯರ್‌ಗೆ ಹೇಳ್ತೀನಿ." ಒಳ್ಳೆಯ ಹುಡುಗಿ.

ಮೊನ್ನೆಯೆಲ್ಲ ಅಮ್ಮನ ನೆನಪು. ಆ ಪ್ರಸಾರದ ಮೇಲೆ ಅಮ್ಮ ನನ್ನ ವಾರ್ತೆ ಕೇಳುವುದನ್ನೇ ಬಿಟ್ಟಳು, ಹವಾಮಾನ ಒಂದಕ್ಕೇ ರೇಡಿಯೊ ಹಾಕುತ್ತಿದ್ದಳು. ಯಾಕಮ್ಮ ಅಂದರೆ, "ಅದು ಸುಳ್ಳಾದ್ರೆ ಯಾರಿಗೂ ಜೈಲಾಗಲ್ಲ" ಅಂದಳು. ಇನ್ನೊಂದು ಸಲ ಅಂದಳು, "ಅವನು ಸುಮ್ಮನಿದ್ರೆ ಏನು ಅಂತ ನಿನಗಲ್ದೆ ಇನ್ಯಾರಿಗೆ ಗೊತ್ತಿತ್ತೇ?" ನಾನು ಪಾತ್ರೆ ತೊಳೆಯುವ ನೆವದಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ನಾಲ್ಕು ವರ್ಷದವರೆಗೆ ನಿನಗೆ ಮಾತು ಬಂದಿರಲಿಲ್ಲ. ಬಂದವರೆಲ್ಲ ಮೂಗ ಅನ್ನುತ್ತಿದ್ದರು. ನಿನ್ನ ಪರವಾಗಿ ಮಾತಾಡುತ್ತಿದ್ದವಳು ನಾನು: ಇವನಿಗೆ ನೀರು ಬೇಕಂತೆ, ಇವನಿಗೆ ನಿದ್ದೆ ಬಂತಂತೆ, ಇವನು ಒಡೆದದ್ದಲ್ಲವಂತೆ. ನೀನು ಸುಮ್ಮನೆ ನನ್ನ ಮುಖ ನೋಡುತ್ತಿದ್ದೆ, ನಾನು ಹೇಳಿದ್ದು ಸರಿಯಾಗಿದ್ದರೆ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ನನ್ನ ಪತ್ರಿಕಾವೃತ್ತಿ ಶುರುವಾದದ್ದು ಅಲ್ಲಿಂದ ಎಂದು ಎಷ್ಟೋ ಸಭೆಗಳಲ್ಲಿ ನಗುನಗುತ್ತಾ ಹೇಳಿದ್ದೇನೆ, ಜನ ಚಪ್ಪಾಳೆ ತಟ್ಟಿದ್ದಾರೆ. ಆ ತಮ್ಮ ಈಗ ಎಲ್ಲಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ, ಪುಣ್ಯ.

ಪ್ರಸಾರ ಮೂವತ್ತೊಂದರ ಸಂಜೆ ಐದಕ್ಕೆ. ನಿನಗೆ ಬೇಡವಾದರೆ ಒಂದು ಕಾರ್ಡು ಹಾಕು, ನಿಲ್ಲಿಸುತ್ತೇನೆ. ಕಾರ್ಡು ಬರದಿದ್ದರೆ ಒಪ್ಪಿಗೆ ಎಂದು ತಿಳಿಯಲಾ ಎಂದು ಬರೆಯಲು ಹೋಗಿ ತಡೆದೆ. ನಿನ್ನ ಮೌನಕ್ಕೆ ಅರ್ಥ ಹಚ್ಚುವ ಕೆಲಸದಿಂದಲೂ ನಿವೃತ್ತಳಾಗಬೇಕು ನಾನು.

ನಿನ್ನ
ಅಕ್ಕ

—

ಏಪ್ರಿಲ್ ೫

ನನ್ನ ಪುಟ್ಟನಿಗೆ,

ನಿನ್ನ ಹೆಂಡತಿಯ ಕಾಗದ ನಿನ್ನೆ ಬಂತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅವತ್ತು ಆದದ್ದು ಬರೆಯುತ್ತೇನೆ. ಏನೋ ಎಡವಟ್ಟಾಯಿತು ಎಂದು ನಿಮಗೆ ಕೇಳಿಸಿರುತ್ತದೆ, ಏನು ಎಂದು ಗೊತ್ತಾಗಿರಲಿಕ್ಕಿಲ್ಲ.

ನಾಲ್ಕಕ್ಕೆ ಎಲ್ಲರೂ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಮುಳ್ಳು ಸದ್ದು ಮಾಡದ ಗಡಿಯಾರವಂತೆ, ಅದೇ ಅದರ ಹೆಚ್ಚುಗಾರಿಕೆಯಂತೆ. ಐದಕ್ಕೆ ಸ್ಟುಡಿಯೊಗೆ ಹೋದೆ. ಮುಖ್ಯಸ್ಥೆ ಎದುರಿಗೆ ಕೂತು ಪ್ರಶ್ನೆ ಕೇಳಿದಳು. ಮಾರುಕಟ್ಟೆ ದರ ಓದಲು ಸೇರಿದ್ದು, ಪ್ರವಾಹದಲ್ಲಿ ದೋಣಿಯಿಂದ ವರದಿ ಮಾಡಿದ್ದು, ಬ್ಯಾಟರಿ ಮುಗಿದು ಮಂತ್ರಿಯೊಬ್ಬರನ್ನು ಇಪ್ಪತ್ತು ನಿಮಿಷ ಸುಮ್ಮನೆ ಮಾತಾಡಿಸಿದ್ದು, ಎಲ್ಲ ಹೇಳಿದೆ. ಅವಳು ನಕ್ಕಳು, ನಾನೂ ನಕ್ಕೆ. ಐದು ಇಪ್ಪತ್ತಕ್ಕೆ ಬೆಂಕಿಯ ಸಂದರ್ಶನ ಶುರುವಾಯಿತು. ಗಾಜಿನ ಆಚೆ ಕತ್ತರಿ ಎದ್ದು ನಿಂತಿದ್ದ.

"ಆ ಬಾಗಿಲಿಗೆ ಬೀಗ ಹಾಕು ಅಂತ ಹೇಳಿದ್ದು ಯಾರು?" ಇಪ್ಪತ್ತೆರಡು ವರ್ಷ ಚಿಕ್ಕವಳಾದ ನನ್ನ ದನಿ, ಎಷ್ಟು ಚೂಪು. ಮೌನ. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಕೊಳಲು ಮತ್ತು ಗಂಟೆ! ನಮ್ಮ ಸ್ಟೇಷನ್ನಿನ ಗುರುತಿನ ಸಂಗೀತ, ಠಾಕುಠೀಕಾಗಿ. ಎಂಜಿನಿಯರ್ ಅವತ್ತು ರಜೆ ಹಾಕಿದ್ದನಂತೆ. ಅವನ ಬದಲಿಗೆ ಬಂದವನಿಗೆ ಯಾರೂ ಹೇಳಿರಲಿಲ್ಲವಂತೆ. ಸಂಗೀತ ನಿಲ್ಲುವಷ್ಟರಲ್ಲಿ ಕೆಮ್ಮು ಮುಗಿದು ನೀನು "ನನಗೆ ಗೊತ್ತಿಲ್ಲ" ಅಂದಾಗಿತ್ತು.

ಇದಕ್ಕೆ ನಗಬಹುದು, ಹಣೆಬರಹ ಅನ್ನಬಹುದು. ಮುಂದಿನದಕ್ಕೆ ಹಾಗನ್ನಲಾಗದು. ಮುಖ್ಯಸ್ಥೆ ಗಾಬರಿಯಾಗಿ ನನ್ನ ಕಡೆ ಕೈ ತೋರಿದಳು: ನೀವೇ ಮಾತಾಡಿ. ಮೈಕು ತೆರೆದಿತ್ತು. ಎಂಟು ನಿಮಿಷ ಉಳಿದಿತ್ತು. ಪಟ್ಟಿ ಇಲ್ಲದಿದ್ದರೇನು, ನನಗೆ ಬಾಯಿಲ್ಲವೇ? ಅಲ್ಲೊಂದು ಕೆಮ್ಮಿತ್ತು, ಅದು ಇಂಥವನದು, ನನ್ನ ತಮ್ಮ ಸುಳ್ಳನಲ್ಲ ಎಂದು ಹೇಳಲು ಹದಿನೇಳು ಸೆಕೆಂಡೂ ಬೇಡ. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ." ಮೂವತ್ತನಾಲ್ಕು ವರ್ಷದ ಅಭ್ಯಾಸ, ಪುಟ್ಟಾ. ನಾಲಗೆ ನನ್ನನ್ನು ಕೇಳಲೇ ಇಲ್ಲ. ಆ ವಾಕ್ಯ ಮುಗಿದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕೇಳುಗರಿಗೆ ಧನ್ಯವಾದ ಹೇಳಿದೆ.

ಕಾರ್ಯಕ್ರಮ ಮುಗಿದ ಮೇಲೆ ಒಂದೇ ಫೋನು ಬಂತು. ಯಾರೋ ಹಿರಿಯರು, ನಡುವೆ ಬಂದ ಕೊಳಲು ಬಹಳ ಹಿತವಾಗಿತ್ತು, ನುಡಿಸಿದವರು ಯಾರು ಎಂದು ಕೇಳಿದರಂತೆ. ಕತ್ತರಿ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿತ್ತು, "ಇದು ನಮ್ಮ ಲೈಬ್ರರೀದಲ್ಲಮ್ಮ, ನಿಮ್ಮ ಮನೇದು" ಅಂದು ಹೊರಟುಹೋದ.

ಈಗ ನಿನ್ನ ಹೆಂಡತಿಯ ಕಾಗದ. ಆಕೆ ಬರೆದದ್ದನ್ನು ನಿನಗೆ ತೋರಿಸಿದ್ದಾಳೋ ಇಲ್ಲವೋ, ಇಲ್ಲಿ ಇಳಿಸುತ್ತೇನೆ: "ಇವರು ಅಂಗಡಿಗೆ ರೇಡಿಯೊ ತಂದವರೇ ಅಲ್ಲ, ಅವತ್ತು ಪಕ್ಕದವರಿಂದ ಕೇಳಿ ತಂದರು. ಹೊಲಿಗೆ ಯಂತ್ರ ರಿಪೇರಿಗೆ ತಂದಿದ್ದವರನ್ನು ನಾಳೆ ಬನ್ನಿ ಎಂದು ಕಳಿಸಿದರು. ನಡುವೆ ಸಂಗೀತ ಬಂದಾಗ ನಕ್ಕೇ ನಕ್ಕರು, ಇಷ್ಟು ವರ್ಷದಲ್ಲಿ ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ. ಆಮೇಲೆ, 'ಪಾಪ, ಅಕ್ಕನಿಗೆ ಅವತ್ತು ಕೇಳಿಸಿರ್ಲಿಲ್ಲ. ಈಗ ಕೇಳಿಸಿದ್ರೆ ಬೇರೆಯವರಿಗೆ ಕೇಳಿಸೋಕೆ ಈ ಸಂಗೀತ ಬಿಡ್ಲಿಲ್ಲ' ಅಂದರು. ಇವರು ಯಾವಾಗಲೂ ಹೇಳುವುದು ಒಂದೇ, ಅಕ್ಕನಿಗೆ ಕೇಳಿಸಿದ್ದು ನಿಜವಾಗಿದ್ದರೆ ನಾನು ಮತ್ತೆ ಅವಳ ಮುಖ ನೋಡುವವನೇ ಅಲ್ಲ, ಕೇಳಿಸದೇ ಇದ್ದದ್ದಕ್ಕೆ ಎಷ್ಟು ವರ್ಷ ಅಂತ ಸಿಟ್ಟು ಇಟ್ಟುಕೊಳ್ಳುವುದು ಎಂದು. ಬೇಸಿಗೆ ಮುಗಿಯುವುದರೊಳಗೆ ಬಂದು ಹೋಗಿ ಅತ್ತಿಗೆ. ಮುಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ನಿಮಗಾಗಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ."

ಈ ಕಾಗದವನ್ನು ಹತ್ತು ಸಲವಾದರೂ ಓದಿದ್ದೇನೆ. ಬಸ್ಸಿನ ವೇಳಾಪಟ್ಟಿ ಕೇಳಿಕೊಂಡು ಬಂದೆ, ಪೆಟ್ಟಿಗೆ ಕೆಳಗಿಳಿಸಿದೆ, ಅದರೊಳಗೆ ಎರಡು ಜೊತೆ ಬಟ್ಟೆ ಹಾಕಿದೆ. ಅಲ್ಲಿಗೇ ನಿಂತಿತು. ಪೆಟ್ಟಿಗೆ ಬಾಯಿ ತೆರೆದುಕೊಂಡೇ ಕೂತಿದೆ. ಮುಂದಿನ ಕೋಣೆಯ ಸುಣ್ಣ ಒಣಗುವ ಮೊದಲು ಈ ಕಾಗದ ನಿನಗೆ ತಲುಪಬೇಕು.

ನೀನು, ನಿನ್ನ ಹೆಂಡತಿ ನೂರು ಕಾಲ ತಣ್ಣಗಿರಿ. ನಿನ್ನ ಕೈಗೆ ಬಂದ ಯಂತ್ರ ಒಂದೂ ಕೆಟ್ಟು ವಾಪಸು ಹೋಗದಿರಲಿ. ಹರಸುವ ಹಕ್ಕು ಅಕ್ಕನಾಗಿ ಹುಟ್ಟಿದ್ದಕ್ಕೆ ಬಂದದ್ದು, ಅದನ್ನು ಮಾತ್ರ ನಾನು ಕೆಲಸ ಮಾಡಿ ಗಳಿಸಲಿಲ್ಲ, ಹಾಗಾಗಿ ಅದಿನ್ನೂ ಶುದ್ಧವಾಗಿದೆ ಅಂದುಕೊಂಡಿದ್ದೇನೆ.

ನಿನ್ನ
ಅಕ್ಕ

ವಿ.ಸೂ.: ಮರೆತು ಕೊನೆಗೆ ಸೇರಿಸಿದ ಮಾತಲ್ಲ ಇದು. ಇಷ್ಟೆಲ್ಲ ಬರೆದದ್ದು ಇದನ್ನು ಬರೆಯದೆ ಮುಗಿಸಬಹುದೇ ಎಂದು ನೋಡಲು.

ಮೊದಲ ಕಾಗದದಲ್ಲಿ "ಮೊನ್ನೆ ಕೇಳಿಸಿತು" ಎಂದು ಬರೆದೆ. ಸುಳ್ಳಲ್ಲ. ಮೊನ್ನೆಯೂ ಕೇಳಿಸಿತು. ಹೀಗೆ ಬರೆಯುವುದನ್ನು ನಾನು ಕೆಲಸದಲ್ಲಿ ಕಲಿತೆ.

ಅವತ್ತು ಆ ಕೋಣೆಯಲ್ಲಿ ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಮೈಕು ಮೇಜಿನ ಮೇಲಿತ್ತು. ಆ ಕೆಮ್ಮು ನಿನಗಿಂತ, ಕೆಮ್ಮಿದವನಿಗಿಂತ ಜೋರಾಗಿ ಕೇಳಿಸಿದ್ದು ನನಗೆ. ಸ್ಟೇಷನ್ನಿಗೆ ಬಂದು ಮೂರು ಸಲ ತಿರುಗಿಸಿ ಕೇಳಿದೆ. ಯಾರತ್ತಲಾದರೂ ಬೆರಳು ತೋರಿಸುವಂಥದ್ದು ಇದ್ದರೆ ಕಾರ್ಯಕ್ರಮವೇ ಬೇಡ ಎಂದು ನಿರ್ದೇಶಕರು ಹೇಳಿದ್ದರು. ಹನ್ನೆರಡು ವರ್ಷ ದಿನಗೂಲಿಯಲ್ಲಿ ದುಡಿದವಳ ಕೆಲಸ ಕಾಯಂ ಆಗುವ ಆದೇಶ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಎರಡು ಸಲ ಎದ್ದು ಅವರ ಕೋಣೆಯ ತನಕ ಹೋಗಿ ಬಂದೆ. ಮೂರನೆಯ ಸಲ ಬ್ಲೇಡು ತೆಗೆದುಕೊಂಡೆ. ಆಮೇಲೆ ನೀನು ಬಾಗಿಲಲ್ಲಿ ನಿಂತು ಕೇಳಿದಾಗ ಇಲ್ಲ ಅಂದೆ, ನೀನು ನಂಬಿದೆ.

ಆ ಪಟ್ಟಿಯನ್ನು ಈ ಲಕೋಟೆಯಲ್ಲೇ ಸುತ್ತಿಟ್ಟಿದ್ದೇನೆ. ಬಿಚ್ಚಿದರೆ ನಿನ್ನ ಎತ್ತರದ ಎರಡು ಪಟ್ಟಾಗುತ್ತದೆ. ಹಾಕಿ ಕೇಳಲು ನಿನ್ನ ಊರಲ್ಲಿ ಯಂತ್ರ ಸಿಗಲಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಎಲ್ಲಿ ಕತ್ತರಿಸಬೇಕೆಂದು ಟೇಪಿನ ಬೆನ್ನಿಗೆ ನಾವು ಬಿಳಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆವು. ಮೂರರಲ್ಲೊಂದು ಭಾಗ ಉಳಿದಿದೆ ಅನ್ನುವಲ್ಲಿ ಬೆಳಕಿಗೆ ಹಿಡಿದು ನೋಡು, ಒಂದು ಬಾಣದ ಗುರುತು, ಪಕ್ಕದಲ್ಲಿ ಸಣ್ಣಗೆ "ಕೆಮ್ಮು" ಎಂದು ಬರೆದಿದೆ. ಅಕ್ಷರ ಯಾರದೆಂದು ನಿನಗೆ ಗೊತ್ತಾಗುತ್ತದೆ. ನಿನಗೆ ಅಕ್ಷರ ಕಲಿಸಿದವಳು ನಾನೇ.